ಮೈಯಿಲ್ಲದ ರೂಟರೂ ಮಾತು ಬಿಟ್ಟ ತಂಗಿಯರೂ

ನಮ್ಮನೆಯಲ್ಲಿ ಒಂದು ನಗೆ ಒಳಗೆ ಬಂದು ಕೂತು ನೀರು ಕುಡಿಯೋದರೊಳಗೆ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇರುತ್ತೆ. ನಾನೇನೂ ಕರೆಯೋದಿಲ್ಲ, ತಾವಾಗೇ ಬರ್ತವೆ. ಕಿರಂಗೂರಿನಲ್ಲಿ ಒಂದಷ್ಟು ಕಬ್ಬು, ಒಂದಷ್ಟು ಭತ್ತ, ಕೊಟ್ಟಿಗೆಯಲ್ಲಿ ಸೀಮೆಹಸು ಇಟ್ಕೊಂಡಿರೋ ಮನೆ ನಮ್ಮದು. ನನಗೆ ಅಕ್ಷರ ಬರೋದಿಲ್ಲ. ನಾನು ಹೇಳ್ತಾ ಹೋಗ್ತೀನಿ, ಮೊಮ್ಮಗಳು ಬರ್ಕೋತಾಳೆ. ತನ್ನ ಸುದ್ದಿ ಬಂದ ಕಡೆ ಮಾತ್ರ ಅವಳ ಕೈ ಒಸಿ ನಿಧಾನ ಆಗುತ್ತೆ.

ಈ ಸಲದ್ದು ಅವಳ ಸುದ್ದಿಯೇ. ಪಾಂಡವಪುರದ ದಾರಿಯಲ್ಲಿರೋ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅವಳು ಪಾಠ ಹೇಳ್ತಾಳೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದೂರಿಂದ ಇನ್ನೊಂದೂರಿಗೆ ಹೋಗೋ ಸುದ್ದಿಗೆ ದಾರಿ ತೋರಿಸೋ ಪೆಟ್ಟಿಗೆಗೆ ರೂಟರ್ ಅಂತಾರಂತೆ. ಹುಡುಗರು ಅದನ್ನ ಮುಟ್ಟಿ, ಕೆಡಿಸಿ, ಸರಿಮಾಡಿ ಕಲೀಬೇಕು. ಅಂಥವನ್ನ ಕೊಳ್ಳೋಕೆ ಆಗೋಲ್ಲ, ಆ ಪಾಠವನ್ನೇ ನಿಲ್ಲಿಸ್ತೀವಿ ಅಂತ ಕಾಲೇಜಿನವರು ಅಂದರು. ಇವಳು, "ಕೊಳ್ಳೋದೇ ಬೇಡ, ಕಂಪ್ಯೂಟರ್ ಒಳಗೇ ರೂಟರ್ ಎಬ್ಬಿಸಿ ತೋರಿಸ್ತೀನಿ" ಅಂದುಬಿಟ್ಟಳು. ಮೈಸೂರಿನಿಂದ ಒಬ್ಬ ಸಾಹೇಬರು ಬಂದು ನೋಡಿ ಸೈ ಅಂದರೆ ಪಾಠ ಉಳೀತು, ಇವಳ ಕೆಲಸವೂ ಉಳೀತು. ಇಲ್ಲ ಅಂದರೆ ಎರಡೂ ಹೋಯ್ತು.

ಕಾಲೇಜಿಗೆ ಸಂಜೆ ಬೀಗ ಬೀಳುತ್ತಲ್ಲ, ಅದಕ್ಕೆ ನಮ್ಮ ನಡುಮನೆಯಲ್ಲೇ ಕೆಲಸ ಶುರು ಮಾಡಿದಳು.

ಬಾರದವನಿಗೆ ಟೀ

ಒಂದು ಭಾನುವಾರ, "ಅಜ್ಜಿ, ಇವತ್ತು ರೂಟರ್ ಬತ್ತವೆ, ನಾಲ್ಕು" ಅಂದಳು.

ನಾಲ್ಕು ಬರ್ತವೆ ಅಂದಮೇಲೆ ಜಾಗ ಬೇಡವೇ? ಮೂಲೆಯಲ್ಲಿದ್ದ ರಾಗಿ ಮೂಟೆಗಳನ್ನ ಮಗನ ಕೈಲಿ ಅಟ್ಟಕ್ಕೆ ಹಾಕಿಸಿದೆ. ನೆಲ ಒರೆಸಿದೆ. ತಂದುಕೊಡೋನು ಬಿಸಿಲಲ್ಲಿ ಬರ್ತಾನಲ್ಲ ಅಂತ ಟೀಗೆ ಇಟ್ಟೆ. ಟೀ ಕುದ್ದು ಕುದ್ದು ಕಷಾಯ ಆಯ್ತು. ಬಾಗಿಲಿಗೆ ಹೋಗಿ ನೋಡ್ತೀನಿ, ವಾಪಸ್ ಬಂದು ಕೂರ್ತೀನಿ. ಇವಳು ಮಾತ್ರ ಕಂಪ್ಯೂಟರ್ ಮುಂದೆ ಗಲ್ಲಕ್ಕೆ ಕೈ ಕೊಟ್ಕೊಂಡು ಕೂತವಳೆ.

"ಎಲ್ಲಿ ಮಗ, ಇನ್ನೂ ಬರ್ಲೇ ಇಲ್ವಲ್ಲ?"

"ಬಂದ್ವು ಅಜ್ಜಿ, ಈಗ ತಾನೆ."

"ಯಾವ ಬಾಗ್ಲಿಂದ ಬಂದ್ವು? ನಾನು ಇಲ್ಲೇ ಕೂತಿವ್ನಿ."

"ನೆಟ್ಟಿಂದ ಇಳಿಸ್ಕೊಂಡೆ. ಇದರೊಳಗವೆ ನೋಡು" ಅಂತ ಪರದೆ ಮೇಲೆ ಬೆರಳಿಟ್ಟಳು. ಅಲ್ಲಿ ನಾಲ್ಕು ದುಂಡನೆ ಚಿತ್ರ ಇದ್ದವು, ಅಕ್ಕಿರೊಟ್ಟಿ ಹಂಗೆ.

"ಅಂಗಂದ್ರೆ ಸುಳ್ಳು ರೂಟರು ಅನ್ನು."

"ಸುಳ್ಳಲ್ಲ ಅಜ್ಜಿ. ನಿಜವಾದ್ದು ಮಾಡೋ ಕೆಲಸ ಎಲ್ಲಾ ಮಾಡ್ತವೆ. ಮೈ ಒಂದು ಇಲ್ಲ ಅಷ್ಟೇ."

ಮೂಟೆ ಹೊತ್ತು ಸೊಂಟ ಹಿಡ್ಕೊಂಡು ನಿಂತಿದ್ದ ನನ್ನ ಮಗ ಇಬ್ಬರನ್ನೂ ಒಂದು ಸಲ ನೋಡಿದ. ಆ ಕಷಾಯದ ಟೀಯನ್ನ ತಾನೇ ಬಗ್ಗಿಸ್ಕೊಂಡು ಹೇಳಿದ:

"ಮೈ ಇಲ್ದಿರೋವ್ಕೆ ಜಾಗ ಮಾಡಕ್ಕೆ ನನ್ ಮೈ ಯಾಕವ್ವ ಮುರಿಸ್ದೆ?"

ಮೇವು

ಬಂದವೇನೋ ಬಂದವು, ಏಳಲಿಲ್ಲ. ಒಂದನ್ನ ಎಬ್ಬಿಸಿದರೆ ಸರಿ. ಎರಡನೇದು ಎದ್ದರೆ ಕಂಪ್ಯೂಟರ್ ಏದುಸಿರು ಬಿಡೋದು. ಮೂರನೇದಕ್ಕೆ ಕೈ ಹಚ್ಚಿದರೆ ಎಲ್ಲಾ ಗಪ್‌ಚುಪ್.

"ಮೆಮೊರಿ ಸಾಲ್ತಿಲ್ಲ ಅಪ್ಪ. ಒಂದೊಂದೂ ಬಂದಂಗೇ ತನ್ನ ಪಾಲು ತಿಂದ್ಬುಡ್ತದೆ. ಉಳಿದವಕ್ಕೆ ಇಲ್ಲ" ಅಂದಳು ಮೊಮ್ಮಗಳು.

ತಿನ್ನೋ ಮಾತು ನನ್ನ ಮಗನಿಗೆ ತಟ್ಟನೆ ತಿಳೀತು. ಹೇಗೂ ಹಸುಗಳಿಗೆ ಬೂಸಾ ತರೋಕೆ ನಮ್ಮೂರ ಪಕ್ಕದ ಪಟ್ಣಕ್ಕೆ ಹೊರಟಿದ್ದ. ಅಲ್ಲೇ ಕಂಪ್ಯೂಟರ್ ಅಂಗಡಿಗೂ ಹೋದ. ಎಷ್ಟು ಬೇಕು ಅಂತ ಅಂಗಡಿಯವನು ಕೇಳಿದನಂತೆ.

"ನಾಲ್ಕು ರೂಟರ್ ಹೊಟ್ಟೆ ತುಂಬೋ ಅಷ್ಟು ಕೊಡಿ."

"ಈಗ ಅದರಲ್ಲಿ ಎಷ್ಟಿದೆ?"

"ಈಗಿರೋದು ಒಂದಕ್ಕೆ ಸರಿಯಾಯ್ತದೆ. ಎರಡನೇದು ಬಂದ್ರೆ ಕಾದಾಡ್ತವೆ."

ಅಂಗಡಿಯವನು ನಗಲಿಲ್ಲವಂತೆ. ಅವನೂ ಹಸು ಕಟ್ಟಿದವನೇ ಇರಬೇಕು. ಉಳಿದ ವಿವರವನ್ನ ಮೊಮ್ಮಗಳ ಹತ್ತಿರ ಫೋನಲ್ಲಿ ಕೇಳ್ಕೊಂಡು ಕೊಟ್ಟು ಕಳಿಸಿದ.

ಮಗ ಬಂದ. ಬೈಕಿನ ಹಿಂದೆ ಬೂಸಾ ಮೂಟೆ, ಅಂಗಿ ಜೇಬಿನಲ್ಲಿ ಬಾಚಣಿಗೆಯಷ್ಟು ಉದ್ದದ ಒಂದು ಹಸಿರು ಪಟ್ಟಿ. ಅದನ್ನ ಹಾಕಿದ್ದೇ ನಾಲ್ಕೂ ಎದ್ದು ನಿಂತವು, ಕಂಪ್ಯೂಟರ್ ತಣ್ಣಗೆ ಓಡಿತು. ನನ್ನ ಮಗ ಎಷ್ಟೋ ಹೊತ್ತು ನೋಡಿದ. ಆಮೇಲೆ ಅದು ಬಂದಿದ್ದ ಖಾಲಿ ಡಬ್ಬಿ ಹಿಡ್ಕೊಂಡು ಸೀದಾ ಕೊಟ್ಟಿಗೆಗೆ ಹೋಗಿ ಹಸುಗಳ ಮೂತಿ ಮುಂದೆ ಹಿಡಿದ.

"ನೋಡ್ರವ್ವ ಇಲ್ಲಿ. ನಾಲ್ಕು ಜೀವ ಇಷ್ಟರಲ್ಲಿ ಹೊಟ್ಟೆ ತುಂಬಿಸ್ಕೊಂಡವೆ. ನೀವೂ ಇದ್ದೀರಿ."

ಎಳೆಯಬಾರದ ಗೆರೆ

ಆ ನಾಲ್ಕಕ್ಕೂ ಅವಳು ಅದೇನೋ ಒಂದು, ಎರಡು ಅಂತ ನಂಬರ್ ಕೊಟ್ಟಿದ್ದಳು. ನನಗೆ ಒಂದೂ ಗುರುತು ಹತ್ತಲಿಲ್ಲ. "ಊರಿನ ಹೆಸರಿಡು ಮಗ, ನನಗೂ ತಿಳೀಲಿ" ಅಂದೆ.

ನಾವು ಒಡಹುಟ್ಟಿದವರೂ ನಾಲ್ಕು ಜನ. ನಾನು ದೊಡ್ಡೋಳು, ಪಟ್ಣದ ಪಕ್ಕ ಇಲ್ಲಿ ಬಂದು ಸೇರಿದೆ. ದೊಡ್ಡ ತಂಗಿಯನ್ನ ಪಾಂಡವಪುರಕ್ಕೆ ಕೊಟ್ಟರು, ಚಿಕ್ಕವಳನ್ನ ನಾಗಮಂಗಲಕ್ಕೆ. ತಮ್ಮ ಕೆ.ಆರ್. ಪೇಟೆ ಕಡೆ, ಮಾಕವಳ್ಳಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕ್ಕೊಂಡು ಅವನೆ. ರೂಟರ್‌ಗಳಿಗೂ ಅದೇ ಹೆಸರಾಯ್ತು: ಪಟ್ಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ.

"ಈಗ ಗೆರೆ ಎಳೀಬೇಕು ಅಜ್ಜಿ. ಯಾರಿಂದ ಯಾರಿಗೆ ದಾರಿ?"

ಇದ್ದದ್ದನ್ನ ಇದ್ದಂಗೇ ಹೇಳಿದೆ. ಪಟ್ಣದಿಂದ ಪಾಂಡವಪುರಕ್ಕೆ, ಪಟ್ಣದಿಂದ ಕೆ.ಆರ್. ಪೇಟೆಗೆ, ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ.

"ಪಾಂಡವಪುರದಿಂದ ನಾಗಮಂಗಲಕ್ಕೆ?"

"ಅದು ಬ್ಯಾಡ ಕಣವ್ವ. ಅವರಿಬ್ಬರೂ ಮಾತು ಬಿಟ್ಟವ್ರೆ."

ಯಾಕೆ ಅಂದರೆ, ಚಿಕ್ಕ ತಂಗಿ ಮಗಳ ಮದುವೆ. ನಮ್ಮ ಕಡೆ ಮದುವೆಗೆ ಕರೆಯೋದು ಅಂದರೆ ಮನೆಗೆ ಬಂದು, ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಜೊತೆಗೆ ಲಗ್ನಪತ್ರಿಕೆ ಕೈಗೆ ಕೊಡಬೇಕು. ಆ ಸಲ ಅವಳಿಗೆ ಮಂಡಿ ನೋವು. ಪತ್ರಿಕೆಯ ಫೋಟೋ ತೆಗೆದು ಎಲ್ಲರಿಗೂ ಫೋನಿಗೇ ಕಳಿಸಿಬಿಟ್ಟಳು. ಪಾಂಡವಪುರದವಳು ಅದನ್ನ ನೋಡಿ, "ಕುಂಕುಮಾನೂ ಫೋನೊಳಗೇ ಇಟ್ಟವಳೆ. ಊಟಾನೂ ಫೋನೊಳಗೇ ಬಡಿಸ್ಲಿ, ಇಲ್ಲೇ ಉಂಡ್ಕೋತೀನಿ" ಅಂತ ಮನೆಯಲ್ಲೇ ಕೂತಳು. ಅವತ್ತಿಂದ ಇವಳ ಮುಖ ಅವಳು ನೋಡೋಲ್ಲ, ಅವಳ ಮುಖ ಇವಳು ನೋಡೋಲ್ಲ. ಚಿಕ್ಕವಳು ನಮ್ಮನೆಗೆ ಬರಬೇಕಾದರೂ ಪಾಂಡವಪುರದ ಬಸ್‌ಸ್ಟ್ಯಾಂಡ್ ತುಳಿಯೋಲ್ಲ. ನೆಟ್ಟಗಿರೋ ದಾರಿ ಬಿಟ್ಟು ಕೆ.ಆರ್. ಪೇಟೆ ಮೇಲೆ ಸುತ್ತಾಕ್ಕೊಂಡು ಬರ್ತಾಳೆ.

ಮಾತೂ ಅಷ್ಟೇ. ಎಲ್ಲಾ ತಮ್ಮನ ಮೇಲೆ. "ಅವಳಿಗೇಳು, ಹುಣಸೆಹಣ್ಣು ಬೇಕಿದ್ರೆ ಇಲ್ಲೈತೆ ಅಂತ." ಅವನು ಈ ಫೋನಿಟ್ಟು ಆ ಫೋನು ಮಾಡ್ತಾನೆ. "ಅವಳಿಗೇಳು, ಅವಳ ಹುಣಸೆಹಣ್ಣು ಅವಳೇ ಇಟ್ಕೊಳ್ಳಿ ಅಂತ." ಅವನು ಅದನ್ನ ಅಷ್ಟು ಉದ್ದ ಹೇಳೋಲ್ಲ. "ಬ್ಯಾಡವಂತೆ" ಅಂತಾನೆ. ಉದ್ದದ ಮಾತನ್ನೆಲ್ಲ ಗಿಡ್ಡ ಮಾಡಿ ಮಾಡಿಯೇ ಇಬ್ಬರನ್ನೂ ಇಲ್ಲಿತನಕ ತೂಗಿಸಿದ್ದ.

ಮೊಮ್ಮಗಳು ಎಲ್ಲಾ ಕೇಳಿದಳು. "ಆದ್ರೂ ಅಲ್ಲೊಂದು ಗೆರೆ ಬೇಕೇ ಬೇಕು ಅಜ್ಜಿ. ಸಾಹೇಬ್ರು ಒಂದು ದಾರಿ ಕಿತ್ತು ನೋಡ್ತಾರೆ. ಕಿತ್ತರೂ ಸುದ್ದಿ ಇನ್ನೊಂದು ಕಡೆಯಿಂದ ಸುತ್ಕೊಂಡು ಮುಟ್ಟಬೇಕು. ಅದೇ ಪರೀಕ್ಷೆ" ಅಂತ ಪಾಂಡವಪುರಕ್ಕೂ ನಾಗಮಂಗಲಕ್ಕೂ ಗೆರೆ ಎಳೆದೇಬಿಟ್ಟಳು.

"ಎಳಿ ತಾಯಿ" ಅಂದೆ. "ಗೆರೆ ನಾವೂ ಎಳೆದು ನೋಡಿದ್ದೀವಿ."

ಜಗಲಿಗೊಂದು

ನಮ್ಮನೆಯಲ್ಲಿ ನಾಲ್ಕು ರೂಟರ್ ಇವೆ ಅನ್ನೋದು ಊರಿಗೆ ತಿಳಿಯೋಕೆ ಎಷ್ಟು ಹೊತ್ತು. ಪಕ್ಕದ ಮನೆ ಯಜಮಾನ ಫೋನು ಹಿಡ್ಕೊಂಡು ಬಂದು ನಮ್ಮ ಜಗಲಿ ಮೇಲೆ ಕೂತ. ಒಂದು ತುದಿಗೆ ಕೂತು ನೋಡಿದ, ಇನ್ನೊಂದು ತುದಿಗೆ ಕೂತು ನೋಡಿದ. ಫೋನನ್ನ ಕಿಟಕಿ ಸರಳಿಗೆ ಒತ್ತಿ ಹಿಡಿದ.

"ದೊಡ್ಡವ್ವ, ಒಂದು ಗೆರೆ ನೆಟ್ಟೂ ಬತ್ತಿಲ್ವಲ್ಲ. ನಾಲ್ಕವೆ ಅಂದ್ರು?"

"ಅವು ಹೊರಗಿನವರ ಜೊತೆ ಮಾತಾಡಲ್ಲ ಕಣಪ್ಪ. ತಮ್ಮ ತಮ್ಮಲ್ಲೇ."

"ತಮ್ಮ ತಮ್ಮಲ್ಲಿ ಏನು ಮಾತಾಡ್ತವೆ?"

"ಯಾರ ದಾರಿ ಯಾವ ಕಡೆ ಅಂತ."

ಅವನು ತಲೆ ಕೆರ್ಕೊಂಡ. ಎದ್ದು ಹೋಗೋವಾಗ ಒಂದು ಮಾತು ಹೇಳಿಯೇ ಹೋದ: "ನಾಲ್ಕನ್ನೂ ಒಳಗೇ ಕಟ್ಟಾಕಿದ್ರೆ ಎಂಗೆ ದೊಡ್ಡವ್ವ. ಒಂದನ್ನಾದ್ರೂ ಜಗಲಿಗೆ ಕಟ್ಟು, ಮೇಯ್ಕೊಳ್ಳಲಿ."

ಬರೆದಿಟ್ಯಾ?

ನಮ್ಮ ಕಡೆ ಮೋಟ್ರಿಗೆ ಬೇಕಾದ ತ್ರೀ ಫೇಸ್ ಕರೆಂಟು ತನಗೆ ತೋಚಿದಾಗ ಬರುತ್ತೆ. ಕಾಯ್ಕೊಂಡು ಕೂರೋರು ಯಾರು? ಎಲ್ಲರೂ ಗದ್ದೆಯಲ್ಲಿ ಆಟೋ ಸ್ಟಾರ್ಟರ್ ಹಾಕಿ ಬಂದಿರ್ತಾರೆ. ಕರೆಂಟು ಬಂದಿದ್ದೇ ಸಾಲಿನ ಮೋಟ್ರೆಲ್ಲ ಒಟ್ಟಿಗೆ ಗುಯ್ ಅಂತ ಏಳ್ತವೆ. ಮನೆಯ ದೀಪ ಆರೋ ಕೆಂಡದಂಗೆ ಆಗುತ್ತೆ.

ಹಂಗೊಂದು ದಿನ ದೀಪ ಕೆಂಪಾಯ್ತು, ಕಂಪ್ಯೂಟರ್ ಕಪ್ಪಾಯ್ತು. ಬೆಳಗಿಂದ ಕೂತು ನಾಲ್ಕಕ್ಕೂ ಪಾಠ ಹೇಳಿದ್ದಳು ನಮ್ಮ ಹುಡುಗಿ. ಮತ್ತೆ ಎಬ್ಬಿಸಿದರೆ ಒಂದಕ್ಕೂ ಏನೂ ನೆನಪಿಲ್ಲ.

"ಬರೆದಿಟ್ಕೋ ಅಂತ ಹೇಳಬೇಕಿತ್ತು ಅಜ್ಜಿ. ಹೇಳದಿದ್ರೆ ಮಲಗಿ ಎದ್ದಾಗ ಎಲ್ಲಾ ಮರ್ತಿರ್ತವೆ."

"ನಿಮ್ಮಪ್ಪನ ಹಂಗೇ" ಅಂದೆ.

ಅವಳ ಮುಖ ನೋಡಿ ನನ್ನ ಮಗ ಸೀದಾ ಗದ್ದೆಗೆ ಹೋದ. ಅವತ್ತೇ ಆಟೋ ಸ್ಟಾರ್ಟರ್ ತೆಗೆದ. ಕರೆಂಟು ಬಂದರೆ ಗದ್ದೆಯಿಂದಲೇ ಫೋನ್ ಮಾಡೋನು: "ಬರೆದಿಟ್ಯಾ ಮಗ? ಮೋಟ್ರು ಆಕ್ಲಾ?" ಆದರೆ ನಮ್ಮದೊಂದು ನಿಂತರೆ ಏನು ಬಂತು, ಸಾಲಿನವರದ್ದು ಏಳ್ತವಲ್ಲ. ಅವರಿಗೆಲ್ಲ ಕೈಮುಗಿದು ಹೇಳಿದ. ಪಾಪ, ಒಪ್ಪಿದರು. ಆಮೇಲೆ ನಮ್ಮ ಗದ್ದೆ ಬದುವಿನ ಮೇಲೆ ನಿಂತು ನೋಡಬೇಕಿತ್ತು ನೀವು. ಒಬ್ಬ ಮೋಟ್ರು ಮನೆಗೆ ಕೈ ಇಟ್ಕೊಂಡು ಕೂಗ್ತಾನೆ, "ಲೋ, ಹುಡುಗಿ ಬರೆದಿಟ್ಲೇನ್ಲಾ?" ಅದಕ್ಕಾಚೆ ಇನ್ನೊಬ್ಬ, "ಬರೆದಿಟ್ಲಂತೆ ಕಣ್ಲಾ, ಆಕು." ಏನು ಬರೆದಿಡ್ತಾಳೆ ಅಂತ ಒಬ್ಬನೂ ಕೇಳಲಿಲ್ಲ. ಒಬ್ಬ ಮಾತ್ರ ಒಂದು ದಿನ ಮಗನ ಹತ್ತಿರ ಮೆಲ್ಲಗೆ ಅಂದನಂತೆ:

"ಒಸಿ ಬೇಗ ಬರೆಯೋಕೇಳಪ್ಪ ನಿನ್ ಮಗಳಿಗೆ. ಕಬ್ಬು ಬಾಡ್ತಾ ಐತೆ."

ಹಲೋ

ನಾಳೆ ಸಾಹೇಬರು ಬರ್ತಾರೆ ಅನ್ನೋ ದಿನ ಮಧ್ಯಾಹ್ನ. ಹುಡುಗಿ ಊಟಕ್ಕೆ ಏಳಲಿಲ್ಲ. ಹೋಗಿ ನೋಡಿದರೆ ಕಣ್ಣಲ್ಲಿ ನೀರು.

"ಪಕ್ಕಪಕ್ಕದ ರೂಟರು ಮೊದ್ಲು ಒಂದಕ್ಕೊಂದು ಹಲೋ ಅನ್ನಬೇಕು ಅಜ್ಜಿ. ಅದು ಹಲೋ ಅಂದು, ಇದೂ ಹಲೋ ಅಂದು, ಆಮೇಲೇ ದಾರಿ ಹಂಚ್ಕೊಳ್ಳೋದು. ಬೇರೆ ಎಲ್ಲಾ ಮಾತಾಡ್ತವೆ. ಪಾಂಡವಪುರ ನಾಗಮಂಗಲ ಎರಡೇ ಒಪ್ತಿಲ್ಲ. ನಾಳೆ ಸಾಹೇಬ್ರು ಕೆ.ಆರ್. ಪೇಟೆ ದಾರಿ ಕಿತ್ರೆ ಮುಗೀತು ನನ್ ಕತೆ."

ನನಗೆ ನಗು ಬರಲಿಲ್ಲ, ಅವಳ ಕೆಲಸದ ಮಾತು ಅದು. ಕರಿಘಟ್ಟದ ಸ್ವಾಮಿಗೆ ಇಲ್ಲಿಂದಲೇ ಕೈಮುಗಿದೆ. ಸಂಕಟ ಯಾರಿಗಾದರೂ ಹೇಳ್ಕೋಬೇಕಲ್ಲ, ತಮ್ಮನಿಗೆ ಫೋನ್ ಮಾಡಿದೆ. ಬಿಡಿಸಿಯೇ ಹೇಳಿದೆ. ಹುಡುಗಿ ಕಂಪ್ಯೂಟರ್ ಒಳಗೆ ರೂಟರ್ ಎಬ್ಬಿಸವ್ಳೆ, ಅವಕ್ಕೆ ನಮ್ಮೂರುಗಳ ಹೆಸರಿಟ್ಟವ್ಳೆ, ಅದರಲ್ಲಿ ಪಾಂಡವಪುರ ನಾಗಮಂಗಲ ಹಲೋ ಅಂತಿಲ್ಲ, ನಾಳೆ ಮೈಸೂರು ಸಾಹೇಬ್ರು ನೋಡ್ತಾರೆ, ಅನ್ನದಿದ್ದರೆ ಕೆಲಸ ಹೋಯ್ತದೆ ಅಂತ. ಅವನು ಎಲ್ಲಾ ಕೇಳಿ, "ಸರಿ ಬುಡಕ್ಕ" ಅಂತ ಇಟ್ಟ.

ದೀಪ ಹಚ್ಚೋ ಹೊತ್ತಿಗೆ ಒಳಗಿಂದ ಹುಡುಗಿ ಕೂಗಿದಳು. ತಪ್ಪು ಸಿಕ್ಕಿತ್ತು. ಪಾಂಡವಪುರಕ್ಕೆ ಗಳಿಗೆಗೊಂದು ಸಲ ಹಲೋ ಅನ್ನು ಅಂತ ಹೇಳಿದ್ದಳಂತೆ, ನಾಗಮಂಗಲಕ್ಕೆ ಬಿಟ್ಟು ಬಿಟ್ಟು ಅನ್ನು ಅಂತ. ಇಬ್ಬರ ಹೊತ್ತೂ ಹೊಂದಿಸಿದಳು, ಎರಡೂ ಮಾತಿಗೆ ಬಂದವು.

"ಒಬ್ಬಳಿಗೆ ಅವಸರ, ಇನ್ನೊಬ್ಬಳಿಗೆ ಬಿಗುಮಾನ" ಅಂದೆ. "ಹೆಸರು ಸರಿಯಾಗೇ ಇಟ್ಟಿದ್ದೀಯ."

ಎಲ್ಲಾ ಸರಿಹೋಯ್ತು ಅಂತ ತಿಳಿಸೋಕೆ ತಮ್ಮನಿಗೆ ಫೋನ್ ಮಾಡಿದೆ. ಬಿಜಿ. ಒಸಿ ಹೊತ್ತು ಬಿಟ್ಟು ಮತ್ತೆ ಮಾಡಿದೆ. ಬಿಜಿ. ಇನ್ನೇನು ಆ ಇಬ್ಬರ ಹುಣಸೆಹಣ್ಣಿನ ಪಂಚಾಯ್ತಿ ಇರಬೇಕು ಅಂದ್ಕೊಂಡು ಮಲಗಿಬಿಟ್ಟೆ.

ಬಸ್ಸು ತಡ ಆಯ್ತು

ಬೆಳಗ್ಗೆ ಕಂಪ್ಯೂಟರನ್ನ ಆಟೋದಲ್ಲಿ ಸಾಗಿಸಿದೆವು. ಪೆಟ್ಟಿಗೆ ನನ್ನ ಮಡಿಲಲ್ಲಿ. ಹಂಪು ಬಂದ ಕಡೆಯೆಲ್ಲ "ನಿಧಾನ ಕಣಪ್ಪ, ನಾಲ್ಕೂರು ಅವೆ ಇದರೊಳಗೆ" ಅಂತ ನಾನು ಅನ್ನೋದು, ಆಟೋದವನು ತಿರುಗಿ ತಿರುಗಿ ನನ್ನನ್ನ ನೋಡೋದು.

ಕಾಲೇಜಿನಲ್ಲಿ ನನಗೆ ಹಿಂದಿನ ಬೆಂಚು ಸಿಕ್ಕಿತು. ಸಾಹೇಬರು ಬಂದರು. ನಗದ ಮುಖ. ಮಾತು ಮುತ್ತಿನಂಗೆ ಎಣಿಸಿ ಆಡೋರು. ನಮ್ಮ ಹುಡುಗಿ ತೋರಿಸ್ತಾ ಹೋದಳು. ಪಟ್ಣದಿಂದ ನಾಗಮಂಗಲಕ್ಕೆ ಸುದ್ದಿ ಕಳಿಸಿದಳು, ಉತ್ತರ ಬಂತು. ಸಾಹೇಬರು ತಲೆ ಅಲ್ಲಾಡಿಸಿದರು.

"ಕೆ.ಆರ್. ಪೇಟೆ ದಾರಿ ಕಿತ್ತುಹಾಕಿ."

ಕಿತ್ತಳು. ಉತ್ತರ ನಿಂತುಹೋಯ್ತು. ಹೊಸ ದಾರಿ ಹುಡುಕ್ಕೊಳ್ಳೋಕೆ ಒಂದು ಗಳಿಗೆ ಬೇಕು ಅಂತ ಮೊದಲೇ ನನಗೆ ಹೇಳಿದ್ದಳು. ಆದರೂ ಆ ಗಳಿಗೆ ಎಷ್ಟು ಉದ್ದ ಅಂತೀರಿ. ಪ್ರಿನ್ಸಿಪಾಲರು ಕರ್ಚೀಫಲ್ಲಿ ಕತ್ತು ಒರೆಸ್ಕೊಂಡರು. ಹುಡುಗಿ ಪರದೆ ನೋಡ್ತಾ ನಿಂತಿದ್ದಳು.

ಸಾಹೇಬರು ಹುಬ್ಬು ಗಂಟು ಹಾಕಿ ಅಂದರು: "ನಾಗಮಂಗಲದಿಂದ ಏನೂ ಬರ್ತಿಲ್ಲವಲ್ಲಮ್ಮ?"

ಬಾಗಿಲಿಂದ ಏದುಸಿರಿನ ದನಿ ಬಂತು: "ಬಂದೆ ಸ್ವಾಮಿ, ಬಂದೆ. ಬಸ್ಸು ತಡ ಆಯ್ತು."

ತಿರುಗಿ ನೋಡಿದರೆ ನನ್ನ ಚಿಕ್ಕ ತಂಗಿ. ಕೈಯಲ್ಲೊಂದು ಚೀಲ, ಹಣೆ ತುಂಬ ಬೆವರು. ಅವಳ ಮಂಡಿಗೆ ಆಸರೆಯಾಗಿ ರಟ್ಟೆ ಹಿಡ್ಕೊಂಡು ದೊಡ್ಡ ತಂಗಿ.

ಸಾಹೇಬರು ಕನ್ನಡಕ ತೆಗೆದರು. "ಯಾರಮ್ಮ ನೀವು?"

"ನಾಗಮಂಗಲದೋಳು ಸ್ವಾಮಿ."

"ನಾನು ಪಾಂಡವಪುರ" ಅಂದಳು ಇನ್ನೊಬ್ಬಳು.

ಸಾಹೇಬರು ಪರದೆ ನೋಡಿದರು, ಇವರನ್ನ ನೋಡಿದರು, ಮತ್ತೆ ಪರದೆ ನೋಡಿದರು.

"ಹುಡುಗಿ ಕೆಲಸ ತೆಗೀಬ್ಯಾಡಿ ಸ್ವಾಮಿ" ಅಂತ ಚಿಕ್ಕವಳು ಕೈಮುಗಿದಳು. "ನಾವಿಬ್ರೂ ಮಾತಾಡ್ತಾ ಇದ್ದೀವಿ. ನೆನ್ನೆಯಿಂದ್ಲೇ ಆಡ್ತಾ ಇದ್ದೀವಿ. ಬೇಕಿದ್ರೆ ನೋಡ್ಕೊಳ್ಳಿ." ಅಕ್ಕನ ಕಡೆ ತಿರುಗಿದಳು. "ಹಲೋ."

"ಹಲೋ ಕಣಮ್ಮಿ" ಅಂದಳು ದೊಡ್ಡವಳು, ಗಟ್ಟಿಯಾಗಿ, ಸಾಹೇಬರಿಗೆ ಕೇಳಿಸೋ ಹಂಗೆ.

ನನಗೆ ಆಗ ತಿಳೀತು. ನಾನು ಅಷ್ಟು ಬಿಡಿಸಿ ಹೇಳಿದ್ದನ್ನ ನನ್ನ ತಮ್ಮ ಯಾವತ್ತಿನಂತೆ ಗಿಡ್ಡ ಮಾಡಿದ್ದ. ಕಂಪ್ಯೂಟರೂ ಬಿಟ್ಟಿದ್ದ, ರೂಟರೂ ಬಿಟ್ಟಿದ್ದ. ಇಬ್ಬರಿಗೂ ಹೇಳಿದ್ದು ಇಷ್ಟೇ: ನೀವಿಬ್ಬರೂ ಹಲೋ ಅನ್ನದಿದ್ರೆ ಹುಡುಗಿ ಕೆಲಸ ಹೋಯ್ತದೆ, ನಾಳೆ ಮೈಸೂರಿಂದ ಸಾಹೇಬ್ರು ಬಂದು ನೋಡ್ತಾರೆ.

ಚಿಕ್ಕವಳು ಬೆಳಗಿನ ಮೊದಲನೇ ಬಸ್ಸಿಗೆ ಹೊರಟು, ಪಾಂಡವಪುರದ ಬಸ್‌ಸ್ಟ್ಯಾಂಡ್ ತುಳಿದು, ಅಕ್ಕನ ಮನೆ ಬಾಗಿಲಿಗೆ ಹೋಗಿದ್ದಳು. ಚೀಲದಲ್ಲಿ ಕುಂಕುಮದ ಭರಣಿ, ಎಲೆ ಅಡಿಕೆ, ಬಾಳೆಹಣ್ಣು, ಮಗಳ ಹಳೇ ಲಗ್ನಪತ್ರಿಕೆ. ಮದುವೆಯಾದ ಹುಡುಗಿಗೆ ಈಗ ಓಡಾಡೋ ಮಗು ಇದೆ. ಆದರೂ ಕ್ರಮವಾಗಿ ಹಣೆಗಿಟ್ಟು, "ಮದುವೆಗೆ ಎಲ್ಲಾ ಬರಬೇಕು" ಅಂತ ಪತ್ರಿಕೆ ಕೈಗೆ ಕೊಟ್ಟಳಂತೆ. ದೊಡ್ಡವಳು ಎರಡೂ ಕೈ ಒಡ್ಡಿ ಇಸ್ಕೊಂಡು, "ಬತ್ತೀವಿ ಬುಡು" ಅಂದಳಂತೆ.

ಸಾಹೇಬರು ಕೇಳಿದರು, "ಕೆ.ಆರ್. ಪೇಟೆ ಮೇಲೆ ಬಂದ್ರಾ ತಾಯಿ?"

"ಮುಂಚೆ ಅಂಗೇ ಬತ್ತಿದ್ದೆ ಸ್ವಾಮಿ. ಇವತ್ತು ಆ ದಾರಿ ಬುಟ್ಟೆ. ಪಾಂಡವಪುರದ ಮೇಲೆ ಬಂದೆ."

ಅದೇ ಹೊತ್ತಿಗೆ ಪರದೆ ಮೇಲೆ ಸಾಲು ಸಾಲಾಗಿ ಉತ್ತರ ಬೀಳೋಕೆ ಶುರುವಾಯ್ತು. ನಾಗಮಂಗಲ ಮಾತಾಡ್ತಿತ್ತು, ಪಾಂಡವಪುರದ ಮೇಲೆ. ನಮ್ಮ ಹುಡುಗಿ ಕುರ್ಚಿಯ ಬೆನ್ನು ಹಿಡ್ಕೊಂಡು ಕೂತೇಬಿಟ್ಟಳು.

ಆ ನಗದ ಸಾಹೇಬರು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರೋವಷ್ಟು. "ಪಾಠ ಇರಲಿ, ಈ ಹುಡುಗೀನೂ ಇರಲಿ" ಅಂತ ಪ್ರಿನ್ಸಿಪಾಲರಿಗೆ ಹೇಳಿ, ಚಿಕ್ಕವಳ ಚೀಲದಿಂದ ಒಂದು ಬಾಳೆಹಣ್ಣು ಇಸ್ಕೊಂಡು ತಿಂದು ಹೋದರು.

ನಾವೆಲ್ಲ ಆಟೋದಲ್ಲಿ ಒತ್ತರಿಸ್ಕೊಂಡು ಮನೆಗೆ ಬಂದೆವು. ತಂಗಿಯರು ಆ ಹೊತ್ತು ಬಾಯಿ ಮುಚ್ಚಲಿಲ್ಲ, ಮರುದಿನ ಊರಿಗೆ ಹೋದಮೇಲೂ ಫೋನಿಟ್ಟ ಹಾಗಿಲ್ಲ. ಮದುವೆಯ ಊಟದಲ್ಲಿ ಏನೇನಿತ್ತು ಅನ್ನೋದರಿಂದ ಶುರು ಮಾಡ್ಕೊಂಡವ್ರೆ.

ಅದಾದ ಮೇಲೆ ಒಂದು ಸಂಜೆ ಕೆ.ಆರ್. ಪೇಟೆಯಿಂದ ತಮ್ಮ ಫೋನ್ ಮಾಡಿದ. ದನಿ ಸಪ್ಪಗಿತ್ತು.

"ಏನ್ಲಾ, ಚೆನ್ನಾಗಿದ್ದೀಯಾ?"

"ನಾನೇನೋ ಚೆನ್ನಾಗಿವ್ನಿ ಅಕ್ಕ. ನನ್ ಫೋನೇ ಕೆಟ್ಟೋಗೈತೆ. ನಾಲ್ಕು ದಿನದಿಂದ ಒಂದು ಕರೆ ಬಂದಿಲ್ಲ. ಒಸಿ ನಿನ್ ಮೊಮ್ಮಗಳಿಗೆ ಹೇಳಿ ರಿಪೇರಿ ಮಾಡ್ಸು."